ಕಾವಲಿನ ವಿದ್ಯೆ

ನಮ್ಮ ಕಾಲೇಜುಗಳ ತರುಣ ತರುಣಿಯರಲ್ಲಿ ಈಚೆಗೆ ಒಂದು ಹೊಸ ಹಂಬಲ ಕಾಣುತ್ತಿದೆ. ಇಂಜಿನಿಯರಿಂಗ್ ಮುಗಿಸಿದವರು, ರಾಜ್ಯಶಾಸ್ತ್ರದಲ್ಲಿ ಪದವಿ ಪಡೆದವರು, ಕಾನೂನು ಓದಿದವರು, ಎಲ್ಲರಲ್ಲಿಯೂ ಕೆಲವರು ರಾಷ್ಟ್ರೀಯ ಭದ್ರತೆ ಮತ್ತು ಸೈಬರ್ ಭದ್ರತೆಯ ನೀತಿಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬೇಕೆಂದು ಹೊರಟಿದ್ದಾರೆ. ಬೆಂಗಳೂರಿನ ಪೂರ್ವಭಾಗದಲ್ಲಿ ಬಹುಕಾಲ ಪಾಠ ಹೇಳಿದ ನನ್ನ ಬಳಿಗೂ ಅಂಥವರು ಸಲಹೆ ಕೇಳಿಕೊಂಡು ಬರುವುದುಂಟು. ಜೊತೆಯಲ್ಲಿ ಬಂದ ತಂದೆತಾಯಿಗಳು ಕೇಳುವ ಪ್ರಶ್ನೆ ಒಂದೇ: ಇದನ್ನು ಓದಿದರೆ ಕೆಲಸ ಸಿಕ್ಕುವುದೆ? ಮಕ್ಕಳು ಕೇಳುವುದು ಇನ್ನೊಂದು: ಎಲ್ಲಿ ಓದಬೇಕು, ದೆಹಲಿಯಲ್ಲೋ, ಲಂಡನ್ನಿನಲ್ಲೋ, ವಾಷಿಂಗ್ಟನ್ನಿನಲ್ಲೋ? ಎರಡೂ ಯೋಗ್ಯವಾದ ಪ್ರಶ್ನೆಗಳೇ. ಆದರೆ ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ; ಅದನ್ನು ಕೇಳುವವರು ಕಡಮೆ. ಈ ವಿದ್ಯೆಯನ್ನು ಕಲಿತವನು ಏನನ್ನು ಕಲಿತಿರಬೇಕು? ಬೀಗ ಮಾಡುವುದನ್ನೋ, ಬೀಗದ ಕೈ ಯಾರ ಬಳಿ ಇರಬೇಕೆಂದು ತೀರ್ಮಾನಿಸುವುದನ್ನೋ?

ಸಾಹಿತ್ಯದ ಪುಟದಲ್ಲಿ ಈ ಚರ್ಚೆ ಏಕೆ ಎಂದು ವಾಚಕರು ಕೇಳಬಹುದು. ಭಯ, ನಂಬಿಕೆ, ಮಾತು, ಅಧಿಕಾರ, ಇವು ಸಾಹಿತ್ಯದ ಹಳೆಯ ವಸ್ತುಗಳು. ಕಾವಲಿನ ವಸ್ತುಗಳೂ ಇವೇ. ಗಣಕಯಂತ್ರ ಬಂದ ಮಾತ್ರಕ್ಕೆ ಅವು ಬದಲಾಗಲಿಲ್ಲ; ಅವುಗಳ ಓಟಕ್ಕೆ ವೇಗ ಬಂತು, ಅಷ್ಟೆ. ಆದುದರಿಂದ ಈ ವ್ಯಾಸಂಗದ ಗುಣದೋಷಗಳನ್ನು ಯಂತ್ರಜ್ಞರಿಗೂ ಅಧಿಕಾರಿಗಳಿಗೂ ಬಿಟ್ಟುಕೊಟ್ಟು ನಾವು ಸುಮ್ಮನಿರುವುದು ತರವಲ್ಲವೆಂದು ನನಗೆ ತೋರುತ್ತದೆ.

ಈ ಪ್ರಶ್ನೆಯನ್ನು ಎತ್ತುವುದಕ್ಕೆ ಬೆಂಗಳೂರಿನ ಪೂರ್ವಭಾಗಕ್ಕಿಂತ ತಕ್ಕ ಸ್ಥಳ ನಾಡಿನಲ್ಲಿ ಬೇರೆ ಇರಲಾರದು. ಇದು ಮೊದಲಿನಿಂದಲೂ ಕಾವಲಿನ ಊರು. ಕೆಂಪೇಗೌಡರ ಹೆಸರಿನಲ್ಲಿ ನಿಂತಿರುವ ನಾಲ್ಕು ಗೋಪುರಗಳಲ್ಲಿ ಒಂದು ಹಲಸೂರು ಕೆರೆಯ ಬಳಿ ಇದೆ. ಅದರ ಸುತ್ತಣ ನೆಲದಲ್ಲಿಯೇ ಮದರಾಸ್ ಇಂಜಿನಿಯರ್ ಗ್ರೂಪಿನ ಸೈನಿಕರು ೧೯ನೆಯ ಶತಮಾನದಿಂದ ಕವಾಯತು ಮಾಡುತ್ತ ಬಂದಿದ್ದಾರೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಪಡೆಗಳು ಅಲ್ಲಿಂದ ಬೆಂಗಳೂರಿಗೆ ಬಂದು, ೧೮೦೯ರ ಸುಮಾರಿಗೆ ಇಲ್ಲಿ ನೆಲೆ ನಿಂತವು. ಜನ ಅದನ್ನು ‘ದಂಡು’ ಎಂದು ಕರೆದರು. ಇಂದಿನ ಶಿವಾಜಿನಗರ ಆಗ ಬ್ಲಾಕ್‌ಪಲ್ಲಿ. ದಂಡಿಗೆ ಬೇಕಾದ ಸೊಪ್ಪು, ಮಾಂಸ, ಬಟ್ಟೆ, ಆಳು ಒದಗಿಸುತ್ತ ಬೆಳೆದ ಪೇಟೆ.

ಆ ದಂಡು ಯಾರನ್ನು ಕಾಯುತ್ತಿತ್ತು? ಯಾರಿಂದ ಕಾಯುತ್ತಿತ್ತು? ೧೮೮೧ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿದಾಗ ಇಂಗ್ಲಿಷರು ದಂಡಿನ ಪ್ರದೇಶವನ್ನು ತಮ್ಮ ಕೈಯಲ್ಲಿಯೇ ಉಳಿಸಿಕೊಂಡರು. ಮಹಾರಾಜರ ರಾಜ್ಯದ ನಡುವೆ ಮಹಾರಾಜರ ಆಡಳಿತ ನಡೆಯದ ಒಂದು ತುಂಡು ನೆಲ! ಅದು ಸಂಸ್ಥಾನಕ್ಕೆ ಮರಳಿದ್ದು ೧೯೪೭ರಲ್ಲಿ. ಪೇಟೆಯ ಮತ್ತು ದಂಡಿನ ಪುರಸಭೆಗಳು ಒಂದಾಗಿ ಕಾರ್ಪೊರೇಷನ್ ಆದದ್ದು ೧೯೪೯ರಲ್ಲಿ. ಕಾವಲೆಂದರೆ ಕಾಯಿಸಿಕೊಳ್ಳುವವರ ಹಿತವೇ ಆಗಬೇಕಾಗಿಲ್ಲ, ಕಾಯುವವನ ಹಿತವೂ ಆಗಬಹುದು ಎಂಬ ಪಾಠವನ್ನು ಈ ನೆಲ ಪುಸ್ತಕವಿಲ್ಲದೆ ಕಲಿಸಿದೆ.

ಸ್ವಾತಂತ್ರ್ಯ ಬಂದ ಮೇಲೆ ಕಾವಲಿನ ಉಪಕರಣಗಳು ಇದೇ ದಿಕ್ಕಿನಲ್ಲಿ ಬೆಳೆದವು. ೧೯೪೮ರಲ್ಲಿ ಕೃಷ್ಣರಾಜಪುರದ ಬಳಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಯಿತು. ಅದರ ಸುತ್ತ ಎದ್ದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರಾಯಿತು. ಸಿ. ವಿ. ರಾಮನ್ ನಗರದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ರೇಡಾರ್ ಪ್ರಯೋಗಾಲಯವಿದೆ. ಕೃತಕ ಬುದ್ಧಿಮತ್ತೆ, ಗುಪ್ತಸಂವಹನ ಮೊದಲಾದವುಗಳಲ್ಲಿ ದುಡಿಯುವ, ೧೯೮೬ರಲ್ಲಿ ಹುಟ್ಟಿದ ಇನ್ನೊಂದು ಕೇಂದ್ರವೂ ಅಲ್ಲಿಯೇ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ೧೯೮೫ರಲ್ಲಿ ದಂಡಿನ ಮಿಲ್ಲರ್ಸ್ ರಸ್ತೆಗೆ ಬಂದು ಉಪಗ್ರಹದ ಮೂಲಕ ಅಮೆರಿಕದೊಡನೆ ಸಂಪರ್ಕ ಬೆಳೆಸಿತು. ಇಂದಿರಾನಗರದಲ್ಲಿ ನಿವೃತ್ತ ಸೇನಾಧಿಕಾರಿಗಳ ಡಿಫೆನ್ಸ್ ಕಾಲೊನಿಯ ಪಕ್ಕದಲ್ಲಿಯೇ ಹತ್ತಾರು ಸಣ್ಣ ಸಾಫ್ಟ್‌ವೇರ್ ಕಂಪನಿಗಳು ಮನೆಗಳ ಮಹಡಿಯ ಮೇಲೆ ನಡೆಯುತ್ತಿವೆ. ಬೀಗ ಮಾಡುವವರಿಗೆ ಇಲ್ಲಿ ಕೊರತೆಯಿಲ್ಲ. ಬೀಗದ ಕೈಯ ವಿಚಾರ ಮಾಡುವವರು ಮಾತ್ರ ವಿರಳ.

ಈ ವಿಚಾರ ನಮ್ಮ ನಾಡಿಗೆ ಹೊಸದೇನೂ ಅಲ್ಲ. ರಾಷ್ಟ್ರರಕ್ಷಣೆಯ ಬಗ್ಗೆ ಭಾರತದಲ್ಲಿ ಉಳಿದು ಬಂದ ಅತಿ ಪ್ರಸಿದ್ಧವಾದ ಪ್ರಾಚೀನ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಅದರ ಹಸ್ತಪ್ರತಿಯನ್ನು ಗುರುತಿಸಿ ಲೋಕಕ್ಕೆ ಕೊಟ್ಟವರು ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಪಂಡಿತ ಆರ್. ಶಾಮಶಾಸ್ತ್ರಿಗಳು, ೧೯೦೯ರಲ್ಲಿ ಮೂಲವನ್ನೂ, ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅವರು ಪ್ರಕಟಿಸಿದರು. ಆ ಗ್ರಂಥವನ್ನು ಬೇಹುಗಾರಿಕೆಯ ಕೈಪಿಡಿಯೆಂದು ತಿಳಿದವರೇ ಹೆಚ್ಚು. ಆದರೆ ರಾಜನ ಅಧಿಕಾರಿಗಳು ಬೊಕ್ಕಸದ ಹಣವನ್ನು ನುಂಗುವ ನಲವತ್ತು ಬಗೆಗಳನ್ನು ಪಟ್ಟಿಮಾಡಿಕೊಡುವುದೂ ಅದೇ ಗ್ರಂಥ. ಕಾಯುವವನನ್ನು ಕಾಯುವುದು ಹೇಗೆಂಬುದು ಕೌಟಿಲ್ಯನಂಥ ರಾಜನಿಷ್ಠನನ್ನೂ ಬಿಡದ ಚಿಂತೆಯಾಗಿತ್ತು.

ನಮ್ಮ ಕಾಲಕ್ಕೆ ಬಂದರೆ, ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ೧೯೭೪ರ ಪೋಖ್ರಾನ್ ಪರೀಕ್ಷೆಯ ಹಿಂದಿದ್ದ ವಿಜ್ಞಾನಿ. ಅವರೇ, ಜೆ. ಆರ್. ಡಿ. ತಾತಾ ಅವರ ಪ್ರೇರಣೆಯಿಂದ ೧೯೮೮ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರು. ವಿಜ್ಞಾನಿ, ಇತಿಹಾಸಕಾರ, ತತ್ತ್ವಜ್ಞ, ಆಡಳಿತಗಾರ, ಎಲ್ಲರೂ ಒಂದೆಡೆ ಕೂತು ಮಾತಾಡಬೇಕೆಂಬುದು ಆ ಸಂಸ್ಥೆಯ ಆಶಯ. ಬಾಂಬಿನ ಗುಟ್ಟು ತಿಳಿದವರೇ ಹೀಗೆ ಬಯಸಿದರೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಇಂಗ್ಲೆಂಡಿನಲ್ಲಿಯೂ ಹೀಗೆಯೇ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಯುದ್ಧಾಧ್ಯಯನದ ವಿಭಾಗವನ್ನು ಕಟ್ಟಿದ ಮೈಕೆಲ್ ಹೊವರ್ಡ್ ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗವನ್ನು ಕಂಡವರು. ಆದರೆ ವೃತ್ತಿಯಿಂದ ಇತಿಹಾಸಕಾರರು. ಯುದ್ಧವನ್ನು ಯುದ್ಧವಾಗಿ ಮಾತ್ರ ಓದಿದರೆ ಅರ್ಥವಾಗದು, ಅದನ್ನು ಹೆತ್ತ ಸಮಾಜದೊಡನೆ ಓದಬೇಕೆಂಬುದು ಅವರ ನಿಲುವಾಗಿತ್ತು. ಸೈಬರ್ ಭದ್ರತೆಗೂ ಇದೇ ಮಾತು ಸಲ್ಲುತ್ತದೆಂದು ನಾನು ತಿಳಿದಿದ್ದೇನೆ. ಬರಿಯ ತರ್ಕದಿಂದ ಇದನ್ನು ಸಾಧಿಸುವುದಕ್ಕಿಂತ, ನಮ್ಮ ಕಣ್ಣೆದುರಿಗೇ ನಡೆದ ಕೆಲವು ಸಂಗತಿಗಳನ್ನು ಪರಾಮರ್ಶಿಸುವುದು ಒಳ್ಳೆಯದು.

ಮೊದಲನೆಯದು ೨೦೧೨ರ ಆಗಸ್ಟಿನದು. ಅಸ್ಸಾಮಿನ ಕೊಕ್ರಝಾರ್ ಕಡೆ ಆ ವರ್ಷದ ಜುಲೈಯಲ್ಲಿ ದೊಡ್ಡ ಗಲಭೆ ನಡೆದಿತ್ತು. ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ, ರಂಜಾನ್ ಮುಗಿಯುತ್ತಲೇ ದಾಳಿಯಾಗುತ್ತದೆ ಎಂಬ ಸುದ್ದಿ ಮೊಬೈಲ್ ಫೋನುಗಳಲ್ಲಿ ಹರಡಿತು. ಸ್ವಾತಂತ್ರ್ಯ ದಿನದಂದೇ ಸಹಸ್ರಾರು ಜನ ಗಂಟುಮೂಟೆ ಹೊತ್ತು ರೈಲ್ವೆ ನಿಲ್ದಾಣಕ್ಕೆ ಬಂದರು. ಗುವಾಹಾಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ನಮ್ಮ ಬೀದಿಯ ಕಟ್ಟಡವೊಂದರಲ್ಲಿ ರಾತ್ರಿ ಕಾವಲಿಗಿದ್ದ ಅಸ್ಸಾಮಿನ ಹುಡುಗ ಅಂದು ಸಂಜೆ ತನ್ನ ಸೀಟಿಯನ್ನೂ ಟೋಪಿಯನ್ನೂ ಕುರ್ಚಿಯ ಮೇಲಿಟ್ಟು ಹೊರಟುಹೋದ. ಇಡೀ ಬೀದಿಯನ್ನು ಕಾಯುತ್ತಿದ್ದವನಿಗೆ ಆ ಬೀದಿಯಲ್ಲಿ ತನ್ನನ್ನು ಕಾಯುವವರು ಇದ್ದಾರೆಂಬ ನಂಬಿಕೆ ಇರಲಿಲ್ಲ.

ಇಲ್ಲಿ ಯಾವ ಯಂತ್ರವೂ ಕೆಡಲಿಲ್ಲ, ಯಾವ ಜಾಲಕ್ಕೂ ಕನ್ನ ಬೀಳಲಿಲ್ಲ. ಸಂದೇಶ ತಲುಪಿಸಬೇಕಾದ ಯಂತ್ರ ಚೊಕ್ಕವಾಗಿ ಸಂದೇಶ ತಲುಪಿಸಿತು. ಮುರಿದದ್ದು ನೆರೆಹೊರೆಯ ಮೇಲಣ ವಿಶ್ವಾಸ. ಆಗಸ್ಟ್ ೧೭ರಂದು ಕೇಂದ್ರ ಸರ್ಕಾರ ದೇಶದಾದ್ಯಂತ ರಾಶಿ ರಾಶಿಯಾಗಿ ಸಂದೇಶ ಕಳಿಸುವುದನ್ನು ೧೫ ದಿನಗಳ ಕಾಲ ತಡೆಹಿಡಿಯಿತು. ಐದು ಸಂದೇಶಗಳ ಮಿತಿ ಬಂತು, ಅನಂತರ ಅದು ಇಪ್ಪತ್ತಕ್ಕೇರಿತು. ಗಾಳಿಸುದ್ದಿಯ ಕಾಲನ್ನು ಇದು ಕಟ್ಟಿತೆಂದು ಒಪ್ಪೋಣ. ಆದರೆ ‘ಇಲ್ಲಿ ಏನೂ ಆಗಿಲ್ಲ, ನಾನು ಕ್ಷೇಮ, ನೀನೂ ಹಿಂದಿರುಗು’ ಎಂದು ಹತ್ತು ಗೆಳೆಯರಿಗೆ ತಿಳಿಸಬೇಕೆಂದಿದ್ದವನ ಕೈಯನ್ನೂ ಅದೇ ಹಗ್ಗ ಕಟ್ಟಿತು. ನೀತಿಯನ್ನು ಓದುವವನು ವಿಚಾರ ಮಾಡಬೇಕಾದದ್ದು ಇಂಥ ಕಡೆಯಲ್ಲಿ. ಅಸ್ಸಾಮಿಯಲ್ಲೋ ಬೋಡೋ ಭಾಷೆಯಲ್ಲೋ ಧೈರ್ಯ ಹೇಳಬಲ್ಲ, ಅವರು ನಂಬುವ ಒಂದು ದನಿ ನಗರದಲ್ಲಿತ್ತೆ? ಇದ್ದರೆ ಅದನ್ನು ಮೊದಲ ದಿನವೇ ಹುಡುಕುವ ಹೊಣೆ ಯಾರದಾಗಿತ್ತು? ಈ ಪ್ರಶ್ನೆಗಳಿಗೆ ಗಣಕಶಾಸ್ತ್ರದ ಯಾವ ಪಠ್ಯದಲ್ಲಿಯೂ ಉತ್ತರ ದೊರೆಯದು.

ಎಂಟು ವರ್ಷದ ಮೇಲೆ, ೨೦೨೦ರ ಆಗಸ್ಟ್ ೧೧ರ ರಾತ್ರಿ, ಪೂರ್ವಭಾಗದ ದೇವರ ಜೀವನಹಳ್ಳಿ, ಕಾಡುಗೊಂಡನಹಳ್ಳಿಗಳು ಫೇಸ್‌ಬುಕ್ಕಿನ ಒಂದು ಬರಹದ ಕಾರಣದಿಂದ ಹೊತ್ತಿಕೊಂಡವು. ಪೊಲೀಸ್ ಠಾಣೆಗೆ ನುಗ್ಗಿದರು, ವಾಹನಗಳನ್ನು ಸುಟ್ಟರು. ಗೋಲೀಬಾರಿನಲ್ಲಿ ಜೀವಗಳೂ ಹೋದವು. ೨೦೧೨ರ ಅನುಭವದಿಂದ ನಾವು ಕಲಿತದ್ದೇನೆಂದು ಕೇಳಿದರೆ, ಜಾಲವನ್ನು ನಿಲ್ಲಿಸುವ ಕಲೆಯನ್ನು ಮಾತ್ರ ಚೆನ್ನಾಗಿ ಕಲಿತೆವೆಂದು ಹೇಳಬೇಕಾಗುತ್ತದೆ. ೨೦೧೭ರಲ್ಲಿ ಅದಕ್ಕೆ ನಿಯಮಗಳು ಬಂದವು. ನಿಲ್ಲಿಸುವ ಆಜ್ಞೆಯನ್ನು ಪ್ರಕಟಿಸಬೇಕು, ಅದು ಅಗತ್ಯದ ಅಳತೆಯನ್ನು ಮೀರಬಾರದು, ಮತ್ತೆ ಮತ್ತೆ ಪರಿಶೀಲನೆಗೆ ಒಳಗಾಗಬೇಕು ಎಂದು ಸರ್ವೋಚ್ಚ ನ್ಯಾಯಾಲಯ ೨೦೨೦ರ ಜನವರಿಯಲ್ಲಿ ಕಾಶ್ಮೀರದ ಮೊಕದ್ದಮೆಯೊಂದರಲ್ಲಿ ವಿಧಿಸಿತು. ಬೀಗ ಹಾಕುವವನೂ ಕಾರಣ ಬರೆದಿಡಬೇಕು ಎಂಬುದೇ ಆ ತೀರ್ಪಿನ ಸಾರ.

ಎರಡನೆಯ ಸಂಗತಿ ಬೀದಿಯದಲ್ಲ, ಕಚೇರಿಯದು. ದೇಶದ ಸೈಬರ್ ಅವಘಡಗಳನ್ನು ನೋಡಿಕೊಳ್ಳಲು ೨೦೦೪ರಿಂದ ಸರ್ಟ್-ಇನ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ೨೦೨೨ರ ಏಪ್ರಿಲ್ ೨೮ರಂದು ಅದು ಒಂದು ನಿರ್ದೇಶನ ಹೊರಡಿಸಿತು. ಕನ್ನ ಬಿದ್ದುದು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು. ಯಂತ್ರಗಳ ದಿನಚರಿಯನ್ನು ೧೮೦ ದಿನ ಕಾದಿಡಬೇಕು. ಗುಪ್ತಮಾರ್ಗದ ಸಂಪರ್ಕ ಒದಗಿಸುವ ವಿ.ಪಿ.ಎನ್. ಕಂಪನಿಗಳು ತಮ್ಮ ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಂಡಿರಬೇಕು. ಉದ್ದೇಶ ಸ್ಪಷ್ಟ: ಕಳ್ಳ ಬಂದುದನ್ನು ಮುಚ್ಚಿಡುವ ಚಾಳಿ ಕಂಪನಿಗಳಿಗೆ ಉಂಟು, ಅದು ತಪ್ಪಬೇಕು. ಇದಕ್ಕೆ ಯಾರ ಆಕ್ಷೇಪವೂ ಇರಲಾರದು.

ಆದರೆ ಇಂದಿರಾನಗರದ ಮಹಡಿಯ ಮೇಲೆ ಹತ್ತು ಜನ ಸೇರಿ ನಡೆಸುವ ಕಂಪನಿಯೊಂದನ್ನು ಊಹಿಸಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಯಂತ್ರದಲ್ಲಿ ಏನೋ ವಿಪರೀತ ಕಂಡಿತು. ಅಲ್ಲಿರುವ ಇಬ್ಬರು ಬೆಂಕಿ ಆರಿಸಬೇಕೆ, ಬೆಂಕಿ ಬಿತ್ತೆಂದು ಅರ್ಜಿ ಬರೆಯಬೇಕೆ? ಇತ್ತ ವಿ.ಪಿ.ಎನ್. ಕಂಪನಿಗಳಲ್ಲಿ ಕೆಲವು ತಮ್ಮ ಯಂತ್ರಗಳನ್ನೇ ಭಾರತದಿಂದ ಹೊರಕ್ಕೆ ಸಾಗಿಸಿಬಿಟ್ಟವು. ದಾಖಲೆ ಇರಲೆಂದು ಮಾಡಿದ ನಿಯಮದಿಂದ, ದಾಖಲೆ ಇಡಬೇಕಾದವರೇ ನಿಯಮದ ಎಲ್ಲೆಯಾಚೆ ಹೋದರು. ಆರು ಗಂಟೆಯೆಂಬುದು ತಪ್ಪೆಂದು ನಾನು ವಾದಿಸುತ್ತಿಲ್ಲ. ಆರು ಸರಿಯೆ, ಇಪ್ಪತ್ತನಾಲ್ಕು ಸರಿಯೆ, ದೊಡ್ಡ ಬ್ಯಾಂಕಿಗೂ ಸಣ್ಣ ಅಂಗಡಿಗೂ ಒಂದೇ ಗಡಿಯಾರವೆ, ಬಂದ ವರದಿಯನ್ನು ಓದಿ ಇತರರನ್ನು ಎಚ್ಚರಿಸುವವರು ಯಾರು ಎಂಬುದನ್ನು ತೂಗಿ ನೋಡಬಲ್ಲವರು ಬೇಕು. ಅಂಥವರಿಗೆ ಯಂತ್ರದ ಪರಿಚಯವೂ ಇರಬೇಕು, ಕಾನೂನಿನ ಅರಿವೂ ಇರಬೇಕು, ಸಣ್ಣ ವ್ಯಾಪಾರಿಯ ಕಷ್ಟವೂ ತಿಳಿದಿರಬೇಕು. ನೀತಿಯ ಸ್ನಾತಕೋತ್ತರ ವ್ಯಾಸಂಗಕ್ಕೆ ಅರ್ಥವಿದ್ದರೆ ಅದು ಇಲ್ಲಿ.

ಮೂರನೆಯ ಸಂಗತಿಯೇ ನನ್ನನ್ನು ಈ ಲೇಖನಕ್ಕೆ ತೊಡಗಿಸಿದ್ದು. ‘ಡಿಜಿಟಲ್ ಅರೆಸ್ಟ್’ ಎಂಬ ಮೋಸದ ಸುದ್ದಿಯನ್ನು ವಾಚಕರು ಕೆಲವು ವರ್ಷಗಳಿಂದ ಓದುತ್ತಲೇ ಇದ್ದಾರೆ. ಪೊಲೀಸರೆಂದೋ ಸಿ.ಬಿ.ಐ. ಎಂದೋ ಹೇಳಿಕೊಂಡು ಫೋನು ಬರುತ್ತದೆ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕದ್ರವ್ಯ ಸಿಕ್ಕಿದೆ, ನೀವು ಕ್ಯಾಮೆರಾದ ಎದುರಿನಿಂದ ಏಳಕೂಡದು, ಯಾರಿಗೂ ಹೇಳಕೂಡದು, ತನಿಖೆ ಮುಗಿಯುವವರೆಗೆ ಹಣವನ್ನು ಸರ್ಕಾರದ ಖಾತೆಗೆ ಹಾಕಬೇಕು ಎಂಬ ಅಪ್ಪಣೆಯಾಗುತ್ತದೆ. ೨೦೨೪ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ಆಕಾಶವಾಣಿಯಲ್ಲಿ ಇದರ ಬಗ್ಗೆ ಜನರನ್ನು ಎಚ್ಚರಿಸಿದರು. ೨೦೨೫ರಲ್ಲಿ ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ಈ ವಿಷಯವನ್ನು ವಿಚಾರಣೆಗೆ ಎತ್ತಿಕೊಂಡಿತು. ದೂರು ಕೊಡಲು ೧೯೩೦ ಎಂಬ ಸಂಖ್ಯೆಯೂ ಇದೆ.

ನನಗೆ ಪರಿಚಿತರಾದ ಹಿರಿಯರೊಬ್ಬರು ಇಂಥ ಕರೆಗೆ ಸಿಕ್ಕಿ ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಿದ್ದರು. ಊಟಕ್ಕೆ ಕರೆದ ಮಡದಿಗೂ ಕಾರಣ ಹೇಳಲಿಲ್ಲ. ನಿವೃತ್ತಿಯ ಹಣದಲ್ಲಿ ದೊಡ್ಡ ಪಾಲು ಹೋಯಿತು. ಅವರು ಓದದವರಲ್ಲ, ಮೊಬೈಲನ್ನು ಕಂಡು ಬೆದರುವವರೂ ಅಲ್ಲ. ಬದುಕೆಲ್ಲ ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿದ ಇಂಜಿನಿಯರರು; ಓ.ಟಿ.ಪಿ.ಯನ್ನು ಯಾರಿಗೂ ಹೇಳಬಾರದೆಂದು ನೆರೆಯವರಿಗೆ ಬುದ್ಧಿ ಹೇಳುತ್ತಿದ್ದವರು. ಯಂತ್ರದ ಮಿತಿ ಅವರಿಗೆ ತಿಳಿದಿತ್ತು. ತಿಳಿಯದಿದ್ದುದು ಪೊಲೀಸರ ಅಧಿಕಾರದ ಮಿತಿ. ಬಂಧಿಸಿದವನನ್ನು ೨೪ ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕೆಂದು ನಮ್ಮ ಸಂವಿಧಾನದ ೨೨ನೆಯ ವಿಧಿ ಹೇಳುತ್ತದೆ. ವಕೀಲನನ್ನು ಕಾಣುವ ಹಕ್ಕನ್ನೂ ಕೊಡುತ್ತದೆ. ಫೋನಿನಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ. ಇಷ್ಟು ತಿಳಿದಿದ್ದರೆ ಆ ಕರೆಯನ್ನು ಒಂದು ನಿಮಿಷದಲ್ಲಿ ಕೆಳಗಿಡಬಹುದಾಗಿತ್ತು.

ಅವರನ್ನು ಕಟ್ಟಿಹಾಕಿದ್ದು ಕಳ್ಳನ ಜಾಣತನವೊಂದೇ ಅಲ್ಲ. ಸರ್ಕಾರ ಏನು ಬೇಕಾದರೂ ಮಾಡಬಲ್ಲದು, ಕೇಳಿದರೆ ಕೆಡುಕಾಗುತ್ತದೆ, ಗುಟ್ಟೆಂದ ಮೇಲೆ ಪ್ರಶ್ನೆ ಮಾಡಬಾರದು ಎಂಬ ನಂಬಿಕೆ ಅವರಲ್ಲಿ ಬೇರೂರಿತ್ತು. ಕಳ್ಳ ಅದನ್ನು ಹುಟ್ಟಿಸಲಿಲ್ಲ, ಇದ್ದುದನ್ನು ಬಳಸಿಕೊಂಡ. ಕಾವಲುಗಾರನ ಅಧಿಕಾರಕ್ಕೆ ಎಲ್ಲೆಯೇ ಇಲ್ಲವೆಂದು ಜನ ತಿಳಿದಿರುವ ನಾಡಿನಲ್ಲಿ ಕಾವಲುಗಾರನ ವೇಷ ಹಾಕಿದವನಿಗೆ ಎಲ್ಲ ಬಾಗಿಲೂ ತೆರೆಯುತ್ತದೆ. ಅಧಿಕಾರದ ಎಲ್ಲೆಯನ್ನು ಬಲ್ಲ ಪ್ರಜೆ ಸರ್ಕಾರಕ್ಕೆ ತೊಡಕೆಂದು ಭಾವಿಸುವವರುಂಟು. ಈ ಮೋಸದ ಇತಿಹಾಸವನ್ನು ನೋಡಿದರೆ, ಅಂಥ ಪ್ರಜೆಯೇ ನಾಡಿನ ಮೊದಲ ಕೋಟೆಯೆಂದು ನನಗೆ ಅನ್ನಿಸುತ್ತದೆ. ಸ್ವಾತಂತ್ರ್ಯವನ್ನೂ ಭದ್ರತೆಯನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು, ಒಂದು ಏರಿದರೆ ಇನ್ನೊಂದು ಇಳಿಯುತ್ತದೆಂದು ವಾದಿಸುವುದು ವಾಡಿಕೆ. ಇಲ್ಲಿ ಎರಡೂ ಒಂದೇ ತಟ್ಟೆಯಲ್ಲಿವೆ.

ಈ ಎಲ್ಲೆಯನ್ನು ನ್ಯಾಯಾಲಯದಲ್ಲಿ ಗುರುತು ಹಾಕಿಸಿದವರು ಬೆಂಗಳೂರಿನವರೇ ಆದ ಒಬ್ಬ ವೃದ್ಧರೆಂಬುದು ನಮಗೆ ಅಭಿಮಾನದ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ತಮ್ಮ ೮೬ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆಗ ಆ ಯೋಜನೆಗೆ ಶಾಸನದ ಆಧಾರವೇ ಇರಲಿಲ್ಲ. ಶಾಸನ ಬಂದುದು ೨೦೧೬ರಲ್ಲಿ. ಅವರ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರು ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಸರ್ಕಾರ ಆ ಹಕ್ಕಿನೊಳಗೆ ಕಾಲಿಡಬೇಕಾದರೆ ಕಾನೂನಿನ ಬಲ ಬೇಕು, ನ್ಯಾಯವಾದ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕ ಅಳತೆ ಬೇಕು. ೨೦೧೮ರಲ್ಲಿ ಆಧಾರ್ ಶಾಸನವನ್ನು ಬಹುಮತದಿಂದ ಎತ್ತಿಹಿಡಿದ ನ್ಯಾಯಾಲಯವೇ, ಖಾಸಗಿ ಕಂಪನಿಗಳು ಅದನ್ನು ಬೇಕಾದಂತೆ ಬಳಸಲು ಇದ್ದ ಅವಕಾಶವನ್ನು ತೆಗೆದುಹಾಕಿತು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು. ಆಧಾರ್ ಯೋಜನೆಯನ್ನು ಮೊದಲು ನಡೆಸಿದ ನಂದನ್ ನಿಲೇಕಣಿಯವರೂ ಇದೇ ಊರಿನವರು. ಕಟ್ಟಿದವರನ್ನೂ ಪ್ರಶ್ನಿಸಿದವರನ್ನೂ ಕೊಟ್ಟ ಊರಿನಲ್ಲಿ ಎರಡನ್ನೂ ಒಟ್ಟಿಗೆ ಕಲಿಸುವ ವಿದ್ಯೆ ಬೆಳೆಯಬೇಕಾದದ್ದು ಸಹಜವಲ್ಲವೆ?

ಇದಕ್ಕೆ ಪ್ರತಿವಾದವಿದೆ, ಅದು ಹಗುರವಾದುದೂ ಅಲ್ಲ. ಶತ್ರು ಕಲ್ಪನೆಯವನಲ್ಲ. ಕೂಡಂಕುಳದ ಪರಮಾಣು ವಿದ್ಯುತ್ ಸ್ಥಾವರದ ಆಡಳಿತ ಜಾಲದ ಗಣಕವೊಂದಕ್ಕೆ ದುಷ್ಟ ತಂತ್ರಾಂಶ ಹೊಕ್ಕಿತ್ತೆಂದು ೨೦೧೯ರ ಅಕ್ಟೋಬರಿನಲ್ಲಿ ಪರಮಾಣು ವಿದ್ಯುತ್ ನಿಗಮವೇ ಒಪ್ಪಿಕೊಂಡಿತು. ಸ್ಥಾವರದ ನಿಯಂತ್ರಣ ವ್ಯವಸ್ಥೆಗೆ ಬಾಧೆ ತಟ್ಟಲಿಲ್ಲವೆಂದೂ ಹೇಳಿತು. ೨೦೨೨ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಗಳು ನಿಂತುಹೋಗಿ, ದಿನಗಟ್ಟಲೆ ವೈದ್ಯರು ಕಾಗದದ ಮೇಲೆ ಬರೆದು ಕೆಲಸ ನಡೆಸಬೇಕಾಯಿತು. ಇಂಥ ವೇಳೆಯಲ್ಲಿ ಗುಟ್ಟು ಬೇಕು, ವೇಗ ಬೇಕು. ಎಲ್ಲವನ್ನೂ ಸಭೆ ಸೇರಿಸಿ ಚರ್ಚಿಸಲಾಗದು. ಕೋಟೆ ಕೊಳ್ಳೆಹೋದ ಮೇಲೆ ಊರಬಾಗಿಲು ಹಾಕಿದರೆಂಬ ಗಾದೆ ನಮಗೂ ಗೊತ್ತು.

ಈ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ದಾಳಿಯ ನಡುವೆ ಏನು ಮಾಡುತ್ತಿದ್ದೇವೆಂಬುದನ್ನು ಗುಟ್ಟಾಗಿಡುವುದು ಯುಕ್ತ. ಆದರೆ ಹಾಗೆ ಮಾಡುವ ಅಧಿಕಾರ ಯಾರದು, ಎಷ್ಟು ದಿನ, ಅನಂತರ ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬುದು ಗುಟ್ಟಾಗಿರಬೇಕಾಗಿಲ್ಲ. ಈ ಎರಡನ್ನು ಬೆರೆಸಿಬಿಡುವುದೇ ನಮ್ಮ ಕಾಲದ ದೊಡ್ಡ ಗೊಂದಲ. ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಶಾಸನವನ್ನೇ ನೋಡಿ. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳನ್ನು ಅದು ಬಿಗಿಯಾಗಿ ಕಟ್ಟುತ್ತದೆ. ಆದರೆ ದೇಶದ ಭದ್ರತೆಯ ಹೆಸರಿನಲ್ಲಿ ತನಗೆ ಬೇಕಾದ ಸರ್ಕಾರಿ ಸಂಸ್ಥೆಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರ ತನ್ನಲ್ಲಿಯೇ ಇಟ್ಟುಕೊಂಡಿದೆ. ವಿನಾಯಿತಿ ಅಗತ್ಯವಿರಬಹುದು. ಅದನ್ನು ತೂಗುವ ತಕ್ಕಡಿ ಯಾರ ಕೈಯಲ್ಲಿ? ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಯನ್ನು ಕಟ್ಟಿದ ರೈತ ಬೇಲಿ ಬೇಡವೆನ್ನಲಿಲ್ಲ. ಬೇಲಿಯ ಮೇಲೂ ಒಂದು ಕಣ್ಣಿರಲಿ ಎಂದ. ನಮ್ಮ ಹಳ್ಳಿಗಳ ತಳವಾರನಿಗೆ ಮಾನ್ಯದ ಭೂಮಿಯೂ ಇತ್ತು, ಕಳವಾದರೆ ಉತ್ತರ 
ಹೇಳಬೇಕಾದ ಹೊಣೆಯೂ ಇತ್ತು. ಮಾನ್ಯ ಉಳಿದು ಹೊಣೆ ಅಳಿಯಬಾರದು.

ಹೀಗಿರುವಲ್ಲಿ ಈ ವ್ಯಾಸಂಗದಲ್ಲಿ ಏನಿರಬೇಕು? ಜಾಲ ನಡೆಯುವ ಬಗೆ, ಗುಪ್ತಲಿಪಿಯ ತತ್ತ್ವ, ಕನ್ನ ಹಾಕುವ ವಿಧಾನ, ಇವುಗಳ ಸಾಮಾನ್ಯ ಜ್ಞಾನ ಅವಶ್ಯವಾಗಿ ಇರಬೇಕು. ಬೀಗವನ್ನೇ ಕಾಣದವನು ಬೀಗದ ಕೈಯ ವಿಚಾರ ಮಾಡಲಾರ. ಯುದ್ಧಗಳ ಮತ್ತು ಸಂಧಾನಗಳ ಇತಿಹಾಸ ಬೇಕು. ಸಂವಿಧಾನ, ಅಪರಾಧ ಕಾನೂನು, ಅಂತರರಾಷ್ಟ್ರೀಯ ನ್ಯಾಯ ಬೇಕು. ಒಂದು ನಿಯಮದಿಂದ ಯಾರಿಗೆ ಎಷ್ಟು ವೆಚ್ಚವೆಂದು ಲೆಕ್ಕ ಹಾಕುವಷ್ಟು ಅರ್ಥಶಾಸ್ತ್ರ ಬೇಕು. ಇದರ ಮೇಲೆ, ಪಠ್ಯಕ್ರಮದಲ್ಲಿ ಸಾಮಾನ್ಯವಾಗಿ ಕಾಣದ ಎರಡನ್ನು ನಾನು ಸೇರಿಸಬಯಸುತ್ತೇನೆ. ವಿದ್ಯಾರ್ಥಿಯು ಕೆಲವು ವಾರಗಳಾದರೂ ಪೊಲೀಸ್ ಠಾಣೆಯ ದೂರಿನ ಮೇಜಿನ ಬಳಿ ಕುಳಿತು, ಹಣ ಕಳೆದುಕೊಂಡವರ ಮಾತನ್ನು ಕೇಳಬೇಕು; ಸೈಬರ್ ಅಪರಾಧಕ್ಕೆಂದೇ ಪೊಲೀಸ್ ಠಾಣೆ ೨೦೦೧ರಲ್ಲಿಯೇ ಬೆಂಗಳೂರಿನಲ್ಲಿ ಹುಟ್ಟಿತೆಂಬುದನ್ನು ನೆನೆದರೆ ಇದು ದೊಡ್ಡ ಬೇಡಿಕೆಯಲ್ಲ. ಎರಡನೆಯದಾಗಿ, ತಾನು ಕಲಿತುದನ್ನು ಕನ್ನಡದಲ್ಲಿ ಬರೆದು ತೋರಿಸಬೇಕು.

ಕನ್ನಡದ ಮಾತನ್ನು ಕೇವಲ ಅಭಿಮಾನದಿಂದ ಹೇಳುತ್ತಿಲ್ಲ. ಈ ವಿಷಯದ ಚರ್ಚೆಯೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಬೆದರಿಕೆಯ ಕರೆಯಾದರೋ ಶಿವಾಜಿನಗರದ ವ್ಯಾಪಾರಿಗೆ, ಕೃಷ್ಣರಾಜಪುರದ ನಿವೃತ್ತ ಉಪಾಧ್ಯಾಯಿನಿಗೆ, ಹಲಸೂರಿನ ಹೂವಿನವಳಿಗೆ ಅವರವರ ಭಾಷೆಯಲ್ಲಿಯೇ ಬರುತ್ತದೆ. ಕಳ್ಳ ಜನರ ಮಾತು ಕಲಿತಿದ್ದಾನೆ, ಕಾಯುವವನು ಕಲಿಯಲಿಲ್ಲ. ‘ಖಾಸಗಿತನ’ವೆಂದರೆ ಮುಚ್ಚುಮರೆಯಲ್ಲ, ‘ಅಳತೆ’ಯೆಂದರೆ ಉದಾಸೀನವಲ್ಲ, ‘ಭದ್ರತೆ’ಯೆಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ ಎಂದು ಹೆಂಚಿನ ಮನೆಗೂ ಮುಟ್ಟುವಂತೆ ಹೇಳುವ ಗದ್ಯವೊಂದು ನಮ್ಮಲ್ಲಿ ಇನ್ನೂ ಸಿದ್ಧವಾಗಬೇಕಾಗಿದೆ. ಅದನ್ನು ಸಿದ್ಧಪಡಿಸುವುದು ಲೇಖಕರ ಮತ್ತು ಅಧ್ಯಾಪಕರ ಕೆಲಸ.

ಓದಲು ಇಂದು ನಾಡಿನಲ್ಲಿಯೇ ಸ್ಥಳಗಳಿವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ೨೦೧೪ರಿಂದ ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಶಿಕ್ಷಣ ಕೊಡುತ್ತಿದೆ. ತಕ್ಷಶಿಲಾ ಸಂಸ್ಥೆಯಲ್ಲಿ ನೀತಿಶಾಸ್ತ್ರ, ರಕ್ಷಣೆ, ತಂತ್ರಜ್ಞಾನಗಳ ಪಾಠಗಳಿವೆ. ಮಣಿಪಾಲದಲ್ಲಿ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗವಿದೆ. ಸಂಸತ್ತಿನ ೨೦೨೦ರ ಶಾಸನದಿಂದ ಗುಜರಾತಿನಲ್ಲಿ ರೂಪುಗೊಂಡ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಶಾಖೆಯೊಂದು ಶಿವಮೊಗ್ಗದಲ್ಲಿ ನಡೆಯುತ್ತಿದೆ. ಕರ್ನಾಟಕ ಸರ್ಕಾರವೂ ೨೦೨೪ರಲ್ಲಿ ತನ್ನದೇ ಸೈಬರ್ ಭದ್ರತಾ ನೀತಿಯನ್ನು ಪ್ರಕಟಿಸಿದೆ. ಆದುದರಿಂದ ಎಲ್ಲಿ ಓದಬೇಕೆಂಬ ಮಕ್ಕಳ ಪ್ರಶ್ನೆಗೆ ನಾನು ಊರಿನ ಹೆಸರನ್ನು ಹೇಳುವುದಿಲ್ಲ. ಪಠ್ಯಕ್ರಮವನ್ನು ತರಿಸಿ ನೋಡು, ಅದರಲ್ಲಿ ಕಾವಲಿನ ಬಲದ ಪಾಠಗಳೆಷ್ಟು, ಕಾವಲಿನ ಎಲ್ಲೆಯ ಪಾಠಗಳೆಷ್ಟು ಎಂದು ಎಣಿಸು, ಎರಡನೆಯದು ಸೊನ್ನೆಯಾಗಿದ್ದರೆ ಅದು ಎಷ್ಟೇ ದೊಡ್ಡ ಹೆಸರಿನ ಸ್ಥಳವಾದರೂ ನಿನಗೆ ಅರ್ಧ ವಿದ್ಯೆಯನ್ನೇ ಕೊಡುತ್ತದೆ ಎನ್ನುತ್ತೇನೆ. ಕೆಲಸ ಸಿಕ್ಕುವುದೆ ಎಂಬ ತಂದೆತಾಯಿಗಳ ಪ್ರಶ್ನೆಗೆ, ಕಂಪನಿಗಳಿಗೂ ಸರ್ಕಾರಕ್ಕೂ ಇಂಥವರು ಬೇಕಾಗಿದ್ದಾರೆ, ಸಿಕ್ಕಬಹುದು ಎಂದು ಧೈರ್ಯವಾಗಿ ಹೇಳುತ್ತೇನೆ.

ಕೆಲಸ ಸಿಕ್ಕಿದ ಮೇಲೆ ಅವರ ನಿಜವಾದ ಪರೀಕ್ಷೆ. ಮುಂದೊಂದು ದಿನ, ಇದೇ ನಗರದ ಯಾವುದೋ ಕಚೇರಿಯಲ್ಲಿ, ಜಾಲ ನಿಲ್ಲಿಸುವ ಆಜ್ಞೆಯೋ ಜನರ ವಿವರ ಸಂಗ್ರಹಿಸುವ ಕಡತವೋ ಅವರ ಮೇಜಿನ ಮೇಲೆ ಬರುತ್ತದೆ, ಮೇಲಿನವರು ಅವಸರಪಡಿಸುತ್ತಿರುತ್ತಾರೆ. ಆಗ ರುಜು ಹಾಕುವ ಮುನ್ನ ‘ಯಾವ ಕಾನೂನಿನಂತೆ? ಎಷ್ಟು ದಿನ? ಯಾರಿಗೆ ಲೆಕ್ಕ?’ ಎಂದು ಕೇಳುವ ಒಬ್ಬ ಅಧಿಕಾರಿ ಅಲ್ಲಿದ್ದರೆ, ಆ ಮೂರು ಪ್ರಶ್ನೆಗಳು ಅವನಿಗೆ ಮೇಲಿನವರ ಅಸಮಾಧಾನವನ್ನು ತರಬಹುದು. ಆದರೂ ಅವನು ಕೇಳುವಂತೆ ಕಲಿಸಿದ್ದರೆ, ನಮ್ಮ ಅಧ್ಯಾಪಕರು ನಾಡಿನ ಕಾವಲಿನಲ್ಲಿ ತಮ್ಮ ಪಾಲಿನ ಪಹರೆಯನ್ನು ನಡೆಸಿದಂತಾಯಿತು.